ಕೈ ಊರದೆ ಕುರ್ಚಿಯಿಂದ ಏಳಬಲ್ಲಿರಾ?



ಝೀರೋ ಟ್ರಾಫಿಕ್. ಈ ಎರಡು ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ನ್ಯೂಸ್ ರೂಮಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಮೈಸೂರಿನಿಂದ ಬೆಂಗಳೂರಿಗೆ ಒಂದು ಲಿವರ್ ಹೊರಟಿದೆ ಅಂದರೆ ಬಿಡದಿಯಲ್ಲೊಬ್ಬ ಕ್ಯಾಮೆರಾಮನ್, ಕೆಂಗೇರಿಯಲ್ಲೊಬ್ಬ ವರದಿಗಾರ, ಪರದೆಯ ಮೂಲೆಯಲ್ಲಿ ಓಡುವ ಗಡಿಯಾರ. ಪೊಲೀಸರು ಸಿಗ್ನಲ್ ತಡೆಯುತ್ತಾರೆ. ಜನ ರಸ್ತೆ ಬದಿ ನಿಂತು ಕೈ ಮುಗಿಯುತ್ತಾರೆ. ಆಂಬುಲೆನ್ಸ್ ಆಸ್ಪತ್ರೆಯ ಗೇಟು ದಾಟಿತು ಅಂದ ಕೂಡಲೇ ನಮ್ಮ ನೇರಪ್ರಸಾರವೂ ಮುಗಿಯುತ್ತೆ. ಮುಂದಿನ ಸುದ್ದಿಗೆ ಹೋಗ್ತೀವಿ.

ಆದರೆ ಆ ಗೇಟಿನ ಒಳಗೆ ಒಬ್ಬ ಮನುಷ್ಯ ಮಲಗಿದ್ದಾನಲ್ಲ? ಆ ಲಿವರ್ ಯಾರಿಗೆ ಹೋಗುತ್ತಿದೆಯೋ ಆತ. ಅವನ ಬಗ್ಗೆ ನಾವು ಯಾವತ್ತಾದರೂ ಕೇಳಿದ್ದೀವಾ? ಆರು ತಿಂಗಳೋ, ಒಂದು ವರ್ಷವೋ ಪಟ್ಟಿಯಲ್ಲಿ ಹೆಸರು ಬರೆಸಿ ಕಾದಿದ್ದಾನೆ. ಕಾಯುತ್ತಾ ಕಾಯುತ್ತಾ ಏನು ಮಾಡಿದ? ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ: ಮಲಗಿದ್ದ.

ಇವತ್ತಿನ ನನ್ನ ಮಾತು ಅದರ ಬಗ್ಗೆ. ಲಿವರ್ ಕಸಿಗೆ ಮುಂಚೆ ರೋಗಿ ವ್ಯಾಯಾಮ ಮಾಡಬೇಕು ಅನ್ನೋ ಮಾತು. ಕೇಳಿದ ತಕ್ಷಣ ನಿಮಗೆ ಸಿಟ್ಟು ಬರಬಹುದು. ‘ಅಲ್ಲ ಸ್ವಾಮಿ, ಹೊಟ್ಟೆ ತುಂಬಾ ನೀರು ತುಂಬಿಕೊಂಡಿರೋ ಮನುಷ್ಯನಿಗೆ, ಕಣ್ಣು ಹಳದಿಯಾಗಿರೋ ಮನುಷ್ಯನಿಗೆ ವ್ಯಾಯಾಮ ಅಂತೀರಲ್ಲ, ಕರುಣೆ ಬೇಡವಾ?’ ಅಂತ. ಸ್ವಲ್ಪ ತಾಳ್ಮೆಯಿಂದ ಕೇಳಿ. ಕರುಣೆಯ ಹೆಸರಿನಲ್ಲೇ ನಾವು ಮಾಡುತ್ತಿರುವ ಒಂದು ಅನ್ಯಾಯದ ಕಥೆ ಇದು.

ಮೊದಲು ಕಸಿಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯ ಮೊದಲ ಬಾರಿಗೆ ಮನುಷ್ಯನಿಗೆ ಲಿವರ್ ಕಸಿ ಮಾಡಿದರು. ಆ ಮಗು ಉಳಿಯಲಿಲ್ಲ. ನಾಲ್ಕು ವರ್ಷ ಸೋಲಿನ ಮೇಲೆ ಸೋಲು. 1967ರಲ್ಲಿ ಮೊದಲ ಯಶಸ್ಸು. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿಯ ಕಾನೂನು ಬಂತು. 1998ರಲ್ಲಿ ದೆಹಲಿಯಲ್ಲಿ ಇನ್ನೂ ಎರಡು ವರ್ಷ ತುಂಬದ ಒಂದು ಮಗುವಿಗೆ ತಂದೆಯ ಲಿವರಿನ ತುಂಡನ್ನು ಜೋಡಿಸಿದರು. ಅದು ಭಾರತದ ಮೊದಲ ಯಶಸ್ವಿ ಲಿವರ್ ಕಸಿಗಳಲ್ಲಿ ಒಂದು. ಇವತ್ತು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ಜಠರ-ಕರುಳು ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಮೆದುಳು ನಿಷ್ಕ್ರಿಯಗೊಂಡವರ ಅಂಗಾಂಗಗಳನ್ನು ಯಾರಿಗೆ ಕೊಡಬೇಕು ಅಂತ ನೋಡಿಕೊಳ್ಳೋಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಇದೆ. ಅಂದರೆ ವಿದ್ಯೆ ಬಂದಿದೆ, ವ್ಯವಸ್ಥೆ ಬಂದಿದೆ. ಇನ್ನೂ ಸಾಲದಿರುವುದು ದಾನಿಗಳು. ಅದಕ್ಕೇ ಕಾಯಬೇಕು.

ಈ ಕಾಯುವ ಕಾಲ ಇದೆಯಲ್ಲ, ಇದನ್ನ ನಾವು ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಅಂದುಕೊಂಡಿದ್ದೀವಿ. ಬಸ್ಸು ಬಂದಾಗ ಬರುತ್ತೆ, ಅಲ್ಲಿವರೆಗೂ ಸುಮ್ಮನೆ ಕೂರೋದು. ಅಲ್ಲ ವೀಕ್ಷಕರೇ. ಇದು ಪೈಲ್ವಾನನಿಗೆ ದಸರಾ ಕುಸ್ತಿಗೆ ಮುಂಚಿನ ತಿಂಗಳುಗಳಿದ್ದ ಹಾಗೆ. ಮೈಸೂರಿನ ಗರಡಿ ಮನೆಗಳಲ್ಲಿ ಹೋಗಿ ಕೇಳಿ. ಜಟ್ಟಿ ಅಖಾಡಕ್ಕೆ ಇಳಿಯೋದು ಒಂದು ದಿನ, ಅದಕ್ಕಾಗಿ ಮಣ್ಣು ಮೆತ್ತಿಕೊಳ್ಳೋದು ನೂರಾರು ದಿನ. ಲಿವರ್ ಕಸಿ ಅಂದರೆ ಸಣ್ಣ ಕುಸ್ತಿಯಲ್ಲ. ಆರು, ಎಂಟು, ಕೆಲವೊಮ್ಮೆ ಹನ್ನೆರಡು ಗಂಟೆಯ ಶಸ್ತ್ರಚಿಕಿತ್ಸೆ. ಆಮೇಲೆ ಐಸಿಯು. ಆಮೇಲೆ ಸೋಂಕಿನ ಭಯ, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಜೀವನಪೂರ್ತಿ ಮಾತ್ರೆ.

ನಾನು ಓದಿದ್ದು ಎಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೆ ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡುವ ಒಂದು ಪಾಠ ಇಲ್ಲಿ ನೆನಪಾಗುತ್ತೆ. ಸೇತುವೆ ಮೇಲೆ ಹತ್ತು ಟನ್ ಲಾರಿ ಓಡಾಡುತ್ತೆ ಅಂದರೆ ಹತ್ತು ಟನ್ನಿಗೆ ಲೆಕ್ಕ ಹಾಕಿ ಸೇತುವೆ ಕಟ್ಟಲ್ಲ. ಅದರ ಎರಡು ಪಟ್ಟೋ ಮೂರು ಪಟ್ಟೋ ತಾಳುವ ಹಾಗೆ ಕಟ್ಟುತ್ತಾರೆ. ಯಾಕೆ? ಮಳೆ ಬರುತ್ತೆ, ಪ್ರವಾಹ ಬರುತ್ತೆ, ಒಂದೇ ಸಲ ಎರಡು ಲಾರಿ ಬರುತ್ತೆ. ಆ ಹೆಚ್ಚುವರಿ ಬಲವೇ ಸೇತುವೆಯನ್ನು ಉಳಿಸೋದು. ದೇಹದಲ್ಲೂ ಹಾಗೇ ಒಂದು ಹೆಚ್ಚುವರಿ ಬಲ ಇರುತ್ತೆ. ಹೃದಯದಲ್ಲಿ, ಶ್ವಾಸಕೋಶದಲ್ಲಿ, ಮಾಂಸಖಂಡದಲ್ಲಿ. ದಿನಾ ಮಂಚದಿಂದ ಬಚ್ಚಲಿಗೆ ಹೋಗಿ ಬರೋಕೆ ಅದು ಬೇಕಿಲ್ಲ. ಆಪರೇಷನ್ ಟೇಬಲ್ ಮೇಲೆ, ಅದರ ಮುಂದಿನ ಹದಿನೈದು ದಿನದಲ್ಲಿ ಅದೇ ಬೇಕು. ಡಾಕ್ಟರು ಹೊಸ ಲಿವರ್ ಹಾಕಬಹುದು. ಆ ಹೆಚ್ಚುವರಿ ಬಲವನ್ನು ಅವರು ಹೊಲಿದು ಹಾಕೋಕೆ ಆಗಲ್ಲ.

ಹಾಗಾದರೆ ಲಿವರ್ ಕೆಟ್ಟರೆ ಕೈಕಾಲು ಯಾಕೆ ಸೊರಗುತ್ತೆ? ಇದನ್ನ ಗಮನವಿಟ್ಟು ಕೇಳಿ. ನಾವು ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು, ರಾತ್ರಿ ಹೊತ್ತು ದೇಹಕ್ಕೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುವ ಉಗ್ರಾಣ ಲಿವರ್. ಸಿರೋಸಿಸ್ ಬಂದು ಲಿವರ್ ಗಟ್ಟಿಯಾಗಿ ಗಂಟುಗಂಟಾದಾಗ ಆ ಉಗ್ರಾಣ ಖಾಲಿ. ಆರೋಗ್ಯವಂತ ಮನುಷ್ಯ ಎರಡು ಮೂರು ದಿನ ಉಪವಾಸ ಇದ್ದರೆ ದೇಹ ಯಾವ ಸ್ಥಿತಿಗೆ ಹೋಗುತ್ತೋ, ಸಿರೋಸಿಸ್ ರೋಗಿ ಒಂದೇ ರಾತ್ರಿಯಲ್ಲಿ ಆ ಸ್ಥಿತಿಗೆ ಹೋಗುತ್ತಾನೆ. ಆಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಶಕ್ತಿ ಮಾಡಿಕೊಳ್ಳುತ್ತೆ. ಪ್ರತಿ ರಾತ್ರಿ. ಮನೆಯವರಿಗೆ ಇದು ಕಾಣೋದೇ ಇಲ್ಲ. ಯಾಕೆ ಅಂದ್ರೆ ಹೊಟ್ಟೆಯಲ್ಲಿ ನೀರು, ಕಾಲಲ್ಲಿ ಬಾವು. ತಕ್ಕಡಿ ಮೇಲೆ ನಿಂತರೆ ತೂಕ ಅಷ್ಟೇ ಇದೆ. ‘ಪರವಾಗಿಲ್ಲ, ಇಳಿದಿಲ್ಲ’ ಅಂತೀವಿ. ತೋಳು ನೋಡಿ, ತೊಡೆ ನೋಡಿ, ಕೆನ್ನೆಯ ಮೇಲಿನ ಗುಳಿ ನೋಡಿ. ಅಲ್ಲಿದೆ ಸತ್ಯ.

ಇನ್ನೊಂದು ವಿಷಯ. ರಕ್ತದಲ್ಲಿರುವ ಅಮೋನಿಯಾ ಎಂಬ ವಿಷವನ್ನು ತೆಗೆಯೋದು ಲಿವರಿನ ಕೆಲಸ. ಲಿವರ್ ಸೋತಾಗ ಆ ಕೆಲಸದಲ್ಲಿ ಕೈ ಜೋಡಿಸೋದು ಯಾರು ಗೊತ್ತಾ? ಮಾಂಸಖಂಡ. ಅದೂ ಸೊರಗಿದರೆ ಅಮೋನಿಯಾ ಮೆದುಳಿಗೆ ಏರುತ್ತೆ. ರೋಗಿ ಮಂಕಾಗುತ್ತಾನೆ, ಹಗಲು ನಿದ್ದೆ ಮಾಡಿ ರಾತ್ರಿ ಎದ್ದಿರುತ್ತಾನೆ, ಮಕ್ಕಳ ಹೆಸರು ತಪ್ಪಿ ಕರೆಯುತ್ತಾನೆ. ಅಂದರೆ ತೊಡೆಯ ಬಲ ಬರೀ ನಡೆಯೋಕಲ್ಲ, ಬುದ್ಧಿ ನೆಟ್ಟಗಿರೋಕೂ ಬೇಕು.

ಈಗ ಈ ಸೊರಗಿದ ದೇಹವನ್ನು ನಾವು ಮಂಚದ ಮೇಲೆ ಮಲಗಿಸ್ತೀವಿ. ಮಲಗಿದರೆ ಏನಾಗುತ್ತೆ? 2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಯಾವ ಕಾಯಿಲೆಯೂ ಇಲ್ಲದ, ಅರವತ್ತು ದಾಟಿದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನ. ಅವರ ಕಾಲುಗಳಿಂದ ಹೆಚ್ಚೂಕಮ್ಮಿ ಒಂದು ಕಿಲೋ ಮಾಂಸಖಂಡ ಕರಗಿಹೋಗಿತ್ತು. ಆರೋಗ್ಯವಂತರ ಕಥೆ ಇದು. ಸಿರೋಸಿಸ್ ಇರುವವರನ್ನು ಆರು ತಿಂಗಳು ಮಲಗಿಸಿದರೆ?

ನಮ್ಮ ಚಾನೆಲ್ಲಿನ ಹುಡುಗನೊಬ್ಬನ ತಂದೆ ಹಾಸನದ ಕಡೆಯ ಹಳ್ಳಿಯವರು. ಕಸಿಯ ಪಟ್ಟಿಯಲ್ಲಿ ಹೆಸರಿದೆ. ಹೋದ ವರ್ಷ ನೋಡೋಕೆ ಹೋಗಿದ್ದೆ. ಜೀವನಪೂರ್ತಿ ಗದ್ದೆಯಲ್ಲಿ ನಡೆದ ಮನುಷ್ಯ. ನಾನು ಒಳಗೆ ಹೋದಾಗ ಎದ್ದು ಕೂರೋಕೆ ನೋಡಿದರು. ತಕ್ಷಣ ನಾಲ್ಕು ದಿಕ್ಕಿನಿಂದ ಧ್ವನಿ ಬಂತು. ‘ಏಳಬೇಡಿ ಮಾವ’, ‘ಮಲಕ್ಕೋ ಅಣ್ಣ’, ‘ಅಪ್ಪಾ, ಸುಮ್ನಿರಿ’. ನೀರಿನ ಲೋಟ ಬಾಯಿಗೇ ಬರುತ್ತೆ. ಬಚ್ಚಲಿಗೆ ಇಬ್ಬರು ಹಿಡಿದುಕೊಂಡು ಹೋಗ್ತಾರೆ. ಪ್ರೀತಿ ಅಂದರೆ ಅಷ್ಟು ಪ್ರೀತಿ. ನನ್ನ ಜೊತೆ ಬಂದಿದ್ದ ಫಿಸಿಯೋಥೆರಪಿಸ್ಟ್ ಗೆಳೆಯ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಗೋಡೆಗೆ ಒರಗಿಸಿಟ್ಟು ಹೇಳಿದ: ‘ಯಜಮಾನ್ರೇ, ಕೈ ಎದೆಗೆ ಕಟ್ಟಿಕೊಂಡು ಒಂದೇ ಒಂದು ಸಲ ಎದ್ದು ನಿಲ್ಲಿ.’ ಅವರು ಎರಡು ಸಲ ಪ್ರಯತ್ನ ಮಾಡಿದರು. ಆಗಲಿಲ್ಲ. ಆಗಲಿಲ್ಲ ಅನ್ನೋದಕ್ಕಿಂತ, ತನ್ನಿಂದ ಆಗಲ್ಲ ಅಂತ ಅವತ್ತೇ ಅವರಿಗೂ ಗೊತ್ತಾಗಿದ್ದು. ಮನೆಯವರೆಲ್ಲ ಸುಮ್ಮನಾದರು.

ಈ ಕುರ್ಚಿ ಪರೀಕ್ಷೆ ನನ್ನ ಗೆಳೆಯನ ಕಲ್ಪನೆಯಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಲೈ ಎಂಬ ವೈದ್ಯೆ ಮತ್ತು ಅವರ ತಂಡ 2017ರಲ್ಲಿ ಒಂದು ಅಳತೆಗೋಲನ್ನು ಮುಂದಿಟ್ಟರು. ಲಿವರ್ ರೋಗಿಯ ದೇಹ ಎಷ್ಟು ಸೊರಗಿದೆ ಅಂತ ಅಳೆಯೋಕೆ ಮೂರೇ ಪರೀಕ್ಷೆ. ಒಂದು, ಕೈ ಹಿಡಿತ ಎಷ್ಟು ಬಿಗಿ ಅಂತ ಒಂದು ಸಣ್ಣ ಉಪಕರಣದಲ್ಲಿ ನೋಡೋದು. ಎರಡು, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರೋಕೆ ಎಷ್ಟು ಸೆಕೆಂಡ್ ಬೇಕು ಅಂತ ಲೆಕ್ಕ ಹಾಕೋದು. ಮೂರು, ಪಾದಗಳನ್ನು ಮೂರು ಬಗೆಯಲ್ಲಿ ಜೋಡಿಸಿ ಹತ್ತು ಹತ್ತು ಸೆಕೆಂಡ್ ಅಲುಗದೆ ನಿಲ್ಲಿಸೋದು. ಅಷ್ಟೇ. ಸ್ಕ್ಯಾನಿಂಗ್ ಇಲ್ಲ, ರಕ್ತ ತೆಗೆಯೋದಿಲ್ಲ. ಆಮೇಲೆ ಅಮೆರಿಕದ ಒಂಬತ್ತು ಕೇಂದ್ರಗಳಲ್ಲಿ ಕಸಿಗೆ ಕಾಯುತ್ತಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಇದೇ ಅಳತೆಗೋಲಿನಲ್ಲಿ ನೋಡಿದರು. ತೀರಾ ಸೊರಗಿದವರು ಕಾಯುತ್ತಿರುವಾಗಲೇ ಸಾಯುವ ಅಪಾಯ, ಗಟ್ಟಿಯಾಗಿದ್ದವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹೆಚ್ಚಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಯಾರಿಗೆ ಲಿವರ್ ತುರ್ತಾಗಿ ಬೇಕು ಅಂತ ತಿಳಿಯೋಕೆ ಜಗತ್ತಿನ ಹಲವು ಕಡೆ ‘ಮೆಲ್ಡ್’ ಅನ್ನೋ ಅಂಕ ಬಳಸುತ್ತಾರೆ. 6ರಿಂದ 40ರವರೆಗೆ. ಅಮೆರಿಕ 2002ರಲ್ಲಿ ಇದರ ಮೇಲೆ ಲಿವರ್ ಹಂಚೋಕೆ ಶುರು ಮಾಡಿತು. ಬಿಲಿರುಬಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು, ಎಲ್ಲಾ ರಕ್ತದ ಲೆಕ್ಕ. ಇದು ಒಳ್ಳೆಯ ಲೆಕ್ಕವೇ. ಆದರೆ ರೋಗಿ ಮೆಟ್ಟಿಲು ಹತ್ತಬಲ್ಲನಾ, ಕುರ್ಚಿಯಿಂದ ಏಳಬಲ್ಲನಾ ಅಂತ ಇದು ಕೇಳಲ್ಲ. ಒಂದೇ ಅಂಕ ಇರುವ ಇಬ್ಬರಲ್ಲಿ ಒಬ್ಬ ನಡೆದುಕೊಂಡು ಬರುತ್ತಾನೆ, ಇನ್ನೊಬ್ಬ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಕಾಗದದ ಮೇಲೆ ಇಬ್ಬರೂ ಒಂದೇ.

ಈ ಅಂಕದ ಬಗ್ಗೆ ರೋಗಿಗಳಿಗೆ ಒಂದು ಹೆದರಿಕೆಯೂ ಇದೆ. ‘ವ್ಯಾಯಾಮ ಮಾಡಿ ಚೆನ್ನಾಗಾದ್ರೆ ಪಟ್ಟಿಯಲ್ಲಿ ನನ್ನ ಹೆಸರು ಕೆಳಗೆ ಹೋಗುತ್ತಾ?’ ಇಲ್ಲ. ನೀವು ಎಷ್ಟು ಹೆಜ್ಜೆ ನಡೆದಿರಿ ಅನ್ನೋದು ಆ ಅಂಕದೊಳಗೆ ಇಲ್ಲವೇ ಇಲ್ಲ. ಅದರ ಬದಲು ನಿಜವಾದ ಅಪಾಯ ಇನ್ನೊಂದಿದೆ. ದೇಹ ತೀರಾ ಸೊರಗಿತು ಅಂದರೆ, ಈ ಆಪರೇಷನ್ ತಾಳಲ್ಲ ಅಂತ ವೈದ್ಯರೇ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತೆ. ಲಿವರ್ ಸಿಗದೆ ಹೋದರೆ ಅದೃಷ್ಟ ಅನ್ನಬಹುದು. ಲಿವರ್ ಸಿಕ್ಕಿಯೂ ದೇಹ ತಯಾರಿಲ್ಲ ಅಂತ ಬಿಟ್ಟುಕೊಡೋದಿದೆಯಲ್ಲ, ಆ ನೋವು ಬೇರೆ.

ಹಾಗಾದರೆ ಹಳೇ ಡಾಕ್ಟರುಗಳೆಲ್ಲ ‘ರೆಸ್ಟ್ ತಗೊಳ್ಳಿ’ ಅಂದಿದ್ದು ಸುಳ್ಳಾ? ಸುಳ್ಳಲ್ಲ, ಅದಕ್ಕೆ ಕಾರಣ ಇತ್ತು. ಸಿರೋಸಿಸ್‌ನಲ್ಲಿ ಕರುಳಿನಿಂದ ಲಿವರಿಗೆ ರಕ್ತ ತರುವ ನಾಳದಲ್ಲಿ ಒತ್ತಡ ಏರಿರುತ್ತೆ. ಅದರಿಂದ ಅನ್ನನಾಳದ ರಕ್ತನಾಳಗಳು ಉಬ್ಬಿರುತ್ತವೆ. ಅವು ಒಡೆದರೆ ರಕ್ತವಾಂತಿ, ಪ್ರಾಣಕ್ಕೇ ಕುತ್ತು. ವ್ಯಾಯಾಮ ಮಾಡುವ ಹೊತ್ತಿನಲ್ಲಿ ಆ ಒತ್ತಡ ಇನ್ನಷ್ಟು ಏರುತ್ತೆ ಅಂತ 1996ರಲ್ಲಿ ಸ್ಪೇನ್‌ನ ವೈದ್ಯರು ಅಳತೆ ಮಾಡಿ ತೋರಿಸಿದರು. ಅದಕ್ಕೇ ಎಲ್ಲರೂ ಹೆದರಿದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಸ್ಪೇನ್‌ನಲ್ಲಿ, ತೂಕ ಹೆಚ್ಚಿದ್ದ ಸಿರೋಸಿಸ್ ರೋಗಿಗಳಿಗೆ ಹದಿನಾರು ವಾರ ಪಥ್ಯ ಮತ್ತು ಮೇಲ್ವಿಚಾರಣೆಯ ವ್ಯಾಯಾಮ ಕೊಟ್ಟು ನೋಡಿದರು. 2017ರಲ್ಲಿ ಅದರ ಫಲಿತಾಂಶ ಬಂತು. ಆ ನಾಳದ ಒತ್ತಡ ಇಳಿದಿತ್ತು. ಅಂದರೆ ಆ ಕ್ಷಣಕ್ಕೆ ಏರುವ ಒತ್ತಡ ಬೇರೆ, ತಿಂಗಳುಗಟ್ಟಲೆ ಹದವಾಗಿ ಮಾಡಿದರೆ ಆಗುವ ಬದಲಾವಣೆ ಬೇರೆ. ಬಿಪಿ ಇರುವವರು ವಾಕಿಂಗ್ ಹೋಗ್ತಾರಲ್ಲ, ಹಾಗೇ ಅಂದುಕೊಳ್ಳಿ.

ಆಪರೇಷನ್ನಿಗೆ ಮುಂಚೆ ದೇಹವನ್ನು ಹದ ಮಾಡುವ ಈ ಕೆಲಸಕ್ಕೆ ವೈದ್ಯರು ‘ಪ್ರಿಹ್ಯಾಬಿಲಿಟೇಷನ್’ ಅಂತಾರೆ. ಪದ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಸೊರಗಿದ ಹುಡುಗರಿಗೆ ಒಳ್ಳೆಯ ಊಟ, ವಸತಿ, ಅಂಗಸಾಧನೆ ಕೊಟ್ಟು ತಯಾರು ಮಾಡಿದ್ದನ್ನು 1946ರಲ್ಲೇ ಈ ಹೆಸರಿನಲ್ಲಿ ವೈದ್ಯ ಪತ್ರಿಕೆಯೊಂದು ಬರೆದಿತ್ತು. ನಮ್ಮಲ್ಲಿ ಇದಕ್ಕೆ ಗಾದೆಯೇ ಇದೆಯಲ್ಲ: ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಸಿಗೆ ಮುಂಚೆ ರೋಗಿಗಳಿಗೆ ಸೈಕಲ್ ತುಳಿಸಿ, ಅವರ ಉಸಿರನ್ನು ಅಳೆದು, 2012ರಲ್ಲಿ ವರದಿ ಮಾಡಿದರು. ದಣಿಯುವ ಮುನ್ನ ದೇಹ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಅನ್ನೋದರ ಮೇಲೆ, ಕಸಿಯ ನಂತರದ ಮೊದಲ 90 ದಿನ ಯಾರು ದಾಟುತ್ತಾರೆ ಅಂತ ಊಹಿಸಬಹುದಾಗಿತ್ತು. ಬರ್ಮಿಂಗ್‌ಹ್ಯಾಮ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗಿಗಳು ದೂರದೂರದಿಂದ ಬರುವವರು. ದಿನಾ ಆಸ್ಪತ್ರೆಗೆ ಬನ್ನಿ ಅಂದರೆ ಆಗುತ್ತಾ? ಅದಕ್ಕೆ ಮನೆಯಲ್ಲೇ ಮಾಡುವ ಹನ್ನೆರಡು ವಾರದ ಕಾರ್ಯಕ್ರಮ. ದಿನಕ್ಕೆ ಇಷ್ಟು ಹೆಜ್ಜೆ ಅಂತ ಗುರಿ, ವಾರಕ್ಕೆ ಎರಡು ಸಲ ಕೈಕಾಲಿನ ಬಲದ ವ್ಯಾಯಾಮ, ಫಿಸಿಯೋಥೆರಪಿಸ್ಟ್ ಫೋನು ಮಾಡಿ ವಿಚಾರಿಸೋದು. ಅಷ್ಟರಿಂದಲೇ ನಡೆಯುವ ಶಕ್ತಿ ಹೆಚ್ಚಿತು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಅಧ್ಯಯನಗಳು ಬಹುಪಾಲು ಸಣ್ಣವು. ಸರಿಯಾಗಿ ಆರಿಸಿದ ರೋಗಿಗಳಲ್ಲಿ, ಸರಿಯಾದ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಸುರಕ್ಷಿತ, ಅದರಿಂದ ದೇಹದ ಬಲ ಏರುತ್ತೆ, ಇಷ್ಟನ್ನು ಅವು ಹೇಳ್ತವೆ. ವ್ಯಾಯಾಮ ಮಾಡಿದರೆ ಕಸಿಯೇ ಬೇಡ ಅಂತ ಯಾರೂ ಹೇಳಿಲ್ಲ. ಯಾರಾದರೂ ಹಾಗೆ ಹೇಳಿ ನಿಮ್ಮಿಂದ ದುಡ್ಡು ಕಿತ್ತರೆ, ಆ ಬಾಗಿಲಿಗೆ ಹೋಗಬೇಡಿ.

ಹಾಗಾದರೆ ಮನೆಯಲ್ಲಿ ಏನು ಮಾಡೋದು? ಮೊದಲ ಹೆಜ್ಜೆ, ನಿಮ್ಮ ಲಿವರ್ ಡಾಕ್ಟರನ್ನು ಕೇಳೋದು. ಎಂಡೋಸ್ಕೋಪಿ ಆಗಿದೆಯಾ, ಉಬ್ಬಿದ ರಕ್ತನಾಳಗಳಿಗೆ ಚಿಕಿತ್ಸೆ ಆಗಿದೆಯಾ, ಹೊಟ್ಟೆಯ ನೀರು ಹತೋಟಿಯಲ್ಲಿದೆಯಾ, ಹೃದಯ ಹೇಗಿದೆ. ಅವರು ಹೂಂ ಅಂದ ಮೇಲೇ ಮುಂದಿನದು. ರಕ್ತವಾಂತಿ, ಕಪ್ಪು ಮಲ, ಜ್ವರ, ಮಂಕು ಇದ್ದರೆ ವ್ಯಾಯಾಮದ ಮಾತೇ ಬೇಡ, ನೇರ ಆಸ್ಪತ್ರೆಗೆ.

ಆಮೇಲೆ ನಡಿಗೆ. ಜಿಮ್ ಬೇಡ, ಶೂ ಕಂಪನಿ ಜಾಹೀರಾತು ಬೇಡ. ಪಡಸಾಲೆಯಲ್ಲಿ ಐದು ನಿಮಿಷ ನಡೆದರೂ ಶುರುವಾಯಿತು ಅಂತಲೇ ಲೆಕ್ಕ. ಎಷ್ಟು ಜೋರಾಗಿ ನಡೀಬೇಕು? ನಾಡಿ ಹಿಡಿದು ನೋಡೋ ಲೆಕ್ಕ ಇಲ್ಲಿ ನಡೆಯಲ್ಲ. ಯಾಕೆ ಅಂದ್ರೆ ಇಂಥ ರೋಗಿಗಳಲ್ಲಿ ಹಲವರು ಹೃದಯದ ಬಡಿತ ಇಳಿಸುವ ಮಾತ್ರೆ ತಗೋತಾರೆ. ಅದಕ್ಕೆ ಸುಲಭ ದಾರಿ: ನಡೆಯುವಾಗ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಅದೇ ಹದ. ಆಮೇಲೆ ಕುರ್ಚಿಯಿಂದ ಎದ್ದು ಕೂರೋದು. ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಬಿದ್ದರೆ ಕಷ್ಟ. ಗೋಡೆ ಹಿಡಿದು ಹಿಮ್ಮಡಿ ಎತ್ತೋದು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಮಡಚೋದು. ಭಾರ ಎತ್ತಿ ಉಸಿರು ಬಿಗಿಹಿಡಿದು ಮುಕ್ಕುವುದು ಬೇಡವೇ ಬೇಡ.

ಖಾಲಿ ಹೊಟ್ಟೆಯಲ್ಲಿ ಇದ್ಯಾವುದೂ ಬೇಡ. ಊಟದ ವಿಷಯಕ್ಕೆ ಬಂದರೆ, ವ್ಯಾಯಾಮಕ್ಕಿಂತ ದೊಡ್ಡ ಯುದ್ಧ ಇರೋದು ಅಡುಗೆಮನೆಯಲ್ಲಿ. ಕಾಮಾಲೆ ಅಂದ ಕೂಡಲೇ ನಮ್ಮಲ್ಲಿ ಗಂಜಿ, ಮಜ್ಜಿಗೆ. ಬೇಳೆ ಬೇಡ, ಮೊಟ್ಟೆ ಬೇಡ, ಕಾಳು ಬೇಡ. ಹಿಂದೆ ವೈದ್ಯರೂ ಪ್ರೋಟೀನ್ ಕಡಿಮೆ ಮಾಡಿ ಅನ್ನುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರ ಒಂದು ಅಧ್ಯಯನ, ಮಂಕು ಕವಿದ ರೋಗಿಗಳಿಗೂ ಮಾಮೂಲಿ ಪ್ರಮಾಣದ ಪ್ರೋಟೀನ್ ಕೊಡಬಹುದು ಅಂತ ತೋರಿಸಿತು. ಈಗಿನ ಯುರೋಪಿನ ಮಾರ್ಗಸೂಚಿ ಹೇಳೋದು, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ನೀರಿನ ತೂಕ ಬಿಟ್ಟು 60 ಕಿಲೋ ಇದ್ದರೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು ಆರು ಗ್ರಾಂ. ಅಂದರೆ ಮೊಟ್ಟೆ, ಹಾಲು, ಮೊಸರು, ಮೊಳಕೆ ಹುರುಳಿ, ಬೇಳೆ, ತಿನ್ನುವವರಾದರೆ ಮೀನು, ಕೋಳಿ, ಎಲ್ಲವೂ ಸೇರಬೇಕು. ಗಂಜಿಯಿಂದ ಆಗುವ ಕೆಲಸ ಅಲ್ಲ. ಹೊಟ್ಟೆಯಲ್ಲಿ ನೀರಿದ್ದರೆ ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ ದೂರ ಇಡಿ.

ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ಎರಡು ಇಡ್ಲಿ, ಒಂದು ಲೋಟ ಹಾಲು, ಅಥವಾ ರಾಗಿ ಅಂಬಲಿ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಸಿರೋಸಿಸ್ ರೋಗಿಗಳಿಗೆ ಒಂದೇ ಪೌಷ್ಟಿಕ ಪಾನೀಯವನ್ನು ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಕೊಟ್ಟರು. 2008ರಲ್ಲಿ ಬಂದ ವರದಿ ಪ್ರಕಾರ, ವರ್ಷದ ಕೊನೆಗೆ ರಾತ್ರಿ ಕುಡಿದವರಲ್ಲಿ ಸುಮಾರು ಎರಡು ಕಿಲೋ ಕೊಬ್ಬಿಲ್ಲದ ದೇಹತೂಕ ಹೆಚ್ಚಿತ್ತು. ಹಗಲು ಕುಡಿದವರಲ್ಲಿ ಆ ಲಾಭ ಇರಲಿಲ್ಲ. ಇನ್ನು ಸೋಮವಾರ, ಶನಿವಾರ, ಏಕಾದಶಿ ಅಂತ ಉಪವಾಸದ ಹರಕೆ ಇದ್ದರೆ, ದಯವಿಟ್ಟು ರೋಗಿಯ ಪರವಾಗಿ ಮನೆಯವರು ತೀರಿಸಿ. ದೇವರು ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮನೆಯಲ್ಲಿ ಗಂಡಸಿಗೆ ಸಿರೋಸಿಸ್ ಬಂದರೆ ಮಂಚಕ್ಕೆ ಹಾಕ್ತೀವಿ. ಹೆಂಗಸಿಗೆ ಬಂದರೆ? ಅಡುಗೆಮನೆ ತಪ್ಪಲ್ಲ. ಕೊನೆಗೆ ಊಟ ಮಾಡೋದೂ ತಪ್ಪಲ್ಲ. ‘ದಿನಾ ಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ’ ಅಂತೀವಿ. ಅದು ದುಡಿತ, ವ್ಯಾಯಾಮ ಅಲ್ಲ. ದುಡಿತ ಇದ್ದ ಬಲವನ್ನು ಖರ್ಚು ಮಾಡಿಸುತ್ತೆ. ವ್ಯಾಯಾಮ ಮತ್ತು ಅದರ ಜೊತೆಗಿನ ಊಟ ಬಲವನ್ನು ಕೂಡಿಸುತ್ತೆ. ಹೆಂಗಸರಲ್ಲಿ ಮಾಂಸಖಂಡ ಸಹಜವಾಗಿ ಕಡಿಮೆ. ಅದರಿಂದ ಕ್ರಿಯಾಟಿನಿನ್ ಕಡಿಮೆ ತೋರಿಸಿ, ಮೆಲ್ಡ್ ಅಂಕವೇ ಕಡಿಮೆ ಬಂದು ಅವರು ಪಟ್ಟಿಯಲ್ಲಿ ಹಿಂದೆ ಉಳಿಯುತ್ತಿದ್ದರು. ಅಮೆರಿಕ 2023ರಲ್ಲಿ ಆ ಲೆಕ್ಕವನ್ನೇ ತಿದ್ದಿತು. ಕಂಪ್ಯೂಟರಿನ ಸೂತ್ರ ತಿದ್ದಿದ್ದಾಯಿತು, ನಮ್ಮ ಅಡುಗೆಮನೆಯ ಸೂತ್ರ ತಿದ್ದೋದು ಯಾವಾಗ?

ಈಗ ಸರ್ಕಾರಕ್ಕೆ, ಆಸ್ಪತ್ರೆಗಳಿಗೆ ಮೂರು ಪ್ರಶ್ನೆ. ಕಸಿಯ ಪಟ್ಟಿಗೆ ಹೆಸರು ಸೇರಿಸುವ ದಿನ ಪ್ರತಿ ರೋಗಿಗೂ ಈ ಕುರ್ಚಿ ಪರೀಕ್ಷೆ ಯಾಕೆ ಕಡ್ಡಾಯ ಆಗಬಾರದು? ಕುರ್ಚಿಗೆ ಎಷ್ಟು ಖರ್ಚು? ಎರಡನೆಯದು, ಬೀದರ್‌ನ, ಚಾಮರಾಜನಗರದ ರೋಗಿ ಫಿಸಿಯೋಥೆರಪಿಗಾಗಿ ವಾರಕ್ಕೊಮ್ಮೆ ಬೆಂಗಳೂರಿಗೆ ಬರೋಕೆ ಸಾಧ್ಯ ಇಲ್ಲ. ಬರ್ಮಿಂಗ್‌ಹ್ಯಾಮ್‌ನವರು ಫೋನಿನಲ್ಲಿ ಮಾಡಿದ್ದನ್ನು ನಾವು ಕನ್ನಡದಲ್ಲಿ, ವಿಡಿಯೋ ಕಾಲಿನಲ್ಲಿ ಯಾಕೆ ಮಾಡಬಾರದು? ಮೂರನೆಯದು, ಬಡವರ ಕಸಿಗೆ ನೆರವು ಕೊಡುವಾಗ ಆಪರೇಷನ್ನಿನ ಬಿಲ್ಲಿನ ಜೊತೆಗೆ, ಅದಕ್ಕೆ ಮುಂಚಿನ ಮೂರು ತಿಂಗಳ ಮೊಟ್ಟೆ ಹಾಲಿಗೂ, ಆಹಾರತಜ್ಞರಿಗೂ, ಫಿಸಿಯೋಥೆರಪಿಸ್ಟರಿಗೂ ಒಂದು ಸಾಲು ಬರೆದರೆ ಖಜಾನೆ ಬರಿದಾಗುತ್ತಾ? ಲಕ್ಷಾಂತರ ರೂಪಾಯಿಯ ಆಪರೇಷನ್ ಗೆಲ್ಲೋದೋ ಸೋಲೋದೋ ಕೆಲವು ಸಾವಿರದ ತಯಾರಿಯ ಮೇಲೆ ನಿಂತಿರಬಹುದು. ಮನೆಯವರೇ ಲಿವರಿನ ಭಾಗ ಕೊಡುವ ಕಸಿಗಳಲ್ಲಂತೂ ದಿನಾಂಕ ಮೊದಲೇ ಗೊತ್ತಿರುತ್ತೆ. ನಮ್ಮ ದೇಶದಲ್ಲಿ ಹೆಚ್ಚಿನವು ಅಂಥವೇ. ಪರೀಕ್ಷೆಯ ದಿನಾಂಕ ಗೊತ್ತಿದ್ದೂ ಓದದೆ ಹೋದರೆ ಯಾರನ್ನ ಬೈಯೋಣ?

ಆ ಹಾಸನದ ಯಜಮಾನರ ವಿಷಯ ಕೇಳ್ತೀರೇನೋ. ಡಾಕ್ಟರ ಒಪ್ಪಿಗೆ ಪಡೆದು ಮನೆಯೊಳಗೇ ನಡೆಯೋಕೆ ಶುರು ಮಾಡಿದರು. ಮೊದಲ ವಾರ ನಡುಮನೆಯಿಂದ ಜಗಲಿವರೆಗೆ. ಎರಡು ತಿಂಗಳಾದ ಮೇಲೆ ಊರ ಅರಳಿಕಟ್ಟೆವರೆಗೆ ಹೋಗಿ ಕೂತು ಬರುತ್ತಿದ್ದರು. ಕೈ ಊರದೆ ನಾಲ್ಕು ಸಲ ಏಳುತ್ತಾರೆ, ಐದನೆಯದಕ್ಕೆ ಇನ್ನೂ ಕೈ ಬೇಕು. ನಡುವೆ ಒಮ್ಮೆ ಸೋಂಕಾಗಿ ಆಸ್ಪತ್ರೆಗೆ ಸೇರಿದರು, ಮತ್ತೆ ಮೊದಲಿನಿಂದ ಶುರು. ಲಿವರ್ ಇನ್ನೂ ಸಿಕ್ಕಿಲ್ಲ. ಇವತ್ತಿಗೂ ಪಟ್ಟಿಯಲ್ಲೇ ಇದ್ದಾರೆ. ಪವಾಡ ಆಯಿತು ಅಂತ ನಾನು ಹೇಳ್ತಿಲ್ಲ. ಫೋನು ಬಂದ ದಿನ ಅವರು ಎದ್ದು ಹೊರಡಬಲ್ಲರು, ಅಷ್ಟೇ ನಾನು ಹೇಳ್ತಿರೋದು.

ಕೊನೆಯದಾಗಿ ಒಂದು ಮಾತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ, ಅಂಥ ದುಃಖದಲ್ಲೂ ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿತು. ಇಡೀ ನಾಡು ನೋಡಿತು. ಹೆಸರು ಗೊತ್ತಿಲ್ಲದ ಎಷ್ಟೋ ಕುಟುಂಬಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಅಳುತ್ತಲೇ, ಅದೇ ಕಾಗದಕ್ಕೆ ಸಹಿ ಹಾಕಿವೆ. ಮಗನ ದೇಹ ಇನ್ನೂ ಬೆಚ್ಚಗಿರುವಾಗ ಬೇರೆಯವರ ಮಗ ಉಳಿಯಲಿ ಅಂದ ತಾಯಂದಿರು ಅವರು. ಆ ದಾನವನ್ನು ಪಡೆಯುವವರ ಕೈಯಲ್ಲಿ ದೊಡ್ಡದೇನೂ ಇಲ್ಲ. ಲಿವರ್ ಯಾವಾಗ ಬರುತ್ತೆ ಅನ್ನೋದು ಅವರ ಕೈಯಲ್ಲಿಲ್ಲ, ರಕ್ತದ ಗುಂಪು ಅವರ ಕೈಯಲ್ಲಿಲ್ಲ, ಪಟ್ಟಿಯ ಸಂಖ್ಯೆ ಅವರ ಕೈಯಲ್ಲಿಲ್ಲ. ಬಂದದ್ದನ್ನು ಹೊತ್ತು ನಿಲ್ಲುವ ದೇಹವನ್ನು ಇಟ್ಟುಕೊಳ್ಳೋದು ಮಾತ್ರ, ಡಾಕ್ಟರ ಮಾತಿನ ಮಿತಿಯೊಳಗೆ, ಸ್ವಲ್ಪ ಅವರ ಕೈಯಲ್ಲಿದೆ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಾದರೂ ಕಾಯುತ್ತಿದ್ದರೆ, ನಾಳೆ ಅವರನ್ನು ನೋಡೋಕೆ ಹೋಗುವಾಗ ಹಣ್ಣಿನ ಚೀಲದ ಜೊತೆ ಸ್ವಲ್ಪ ಸಮಯವನ್ನೂ ಇಟ್ಟುಕೊಂಡು ಹೋಗಿ. ‘ಮಲಗಿ ಮಲಗಿ’ ಅನ್ನಬೇಡಿ. ‘ಡಾಕ್ಟರು ಏನಂದ್ರು, ಎಷ್ಟು ನಡೀಬಹುದಂತೆ?’ ಅಂತ ಕೇಳಿ. ಆಮೇಲೆ ಕೈ ಕೊಡಿ, ಜೊತೆಗೆ ಹತ್ತು ಹೆಜ್ಜೆ ನಡೀರಿ.